ಬಂತಾ?

ಮೂರ್ನಾಡಿನಿಂದ ನೌಫಲ್ ಬಂದಿದ್ದಾನೆ,
ಬೈಕಿನ ಹಿಂದೆ ಮಗುಚಿದ ಕೊಡೆಯಂಥ ಡಿಶ್ ಕಟ್ಟಿಕೊಂಡು.
ಫೋನನ್ನು ಅಂಗೈಯಲ್ಲಿ ಚಪ್ಪಟೆ ಹಿಡಿದು
ಅಂಗಳದಲ್ಲಿ ಒಂದು ಸುತ್ತು ತಿರುಗಿ ಹೇಳುತ್ತಾನೆ:
'ಅಕ್ಕಾ, ಸ್ಯಾಟಲೈಟ್ ಇರುವುದು ಅಲ್ಲಿ,
ಆ ಸಿಲ್ವರ್ ಮರದ ಹಿಂದೆ.'

ಮರ ಬೊಳ್ಳಮ್ಮಕ್ಕನದು.
ತುದಿಯವರೆಗೂ ಕರಿಮೆಣಸು ಹಬ್ಬಿದೆ.
'ಫೆಬ್ರವರಿಯಲ್ಲಿ ಮೆಣಸು ಕುಯ್ದಾಗಲಿ,
ಆಮೇಲೆ ಕೊಂಬೆ ಸವರಿಸುವಾ.
ಅಲ್ಲಿಯವರೆಗೆ ನಮ್ಮಲ್ಲಿಗೇ ಬನ್ನಿ ನೋಡಲಿಕ್ಕೆ.'
ಆಕಾಶದಲ್ಲೂ ಅವರ ಗಡಿ ನಮ್ಮ ಗಡಿ ಇದೆ ಅಂತ
ಸರ್ವೆಯವರು ಹೇಳಿರಲಿಲ್ಲ.

ಮಗಳು ಹರ್ಷಿಣಿಗೆ ಇಂಟರ್ನೆಟ್ಟೇ ಬೇಕು.
ತಂತಿ ಕಂಬದಿಂದ ಕಂಬಕ್ಕೆ,
ಕಂಬ ಸಿಗದಲ್ಲಿ ಹಲಸಿನ ಮರಕ್ಕೆ,
ಕಾಫಿಯ ಮೇಲೆ ತೂಗುತ್ತಾ ಬೆಟ್ಟಗೇರಿ ಇಳಿದು ಬರುತ್ತದಂತೆ.
ಹಲಸಿಗೆ ಆನೆ ಬಂದರೆ?
'ಎರಡು ದಿನದಲ್ಲಿ ಸರಿ ಮಾಡ್ತೇವೆ' ಅಂದರು ಆಫೀಸಿನವರು.
ಆನೆಯನ್ನೋ ತಂತಿಯನ್ನೋ, ನಾನು ಕೇಳಲಿಲ್ಲ.
ತಿಂಗಳಿಗೆ ಆರುನೂರು.
ಬೇಕಾದ್ದನ್ನು ಬೇಕಾದಾಗ ನೋಡಬಹುದಮ್ಮ, ಅನ್ನುತ್ತಾಳೆ.
ಏಳು ಗಂಟೆಯ ವಾರ್ತೆಯನ್ನು ಹನ್ನೊಂದಕ್ಕೆ ನೋಡಿದರೆ
ಅದು ಎಷ್ಟು ಗಂಟೆಯ ವಾರ್ತೆ? ಇದು ಅತ್ತೆಯ ಪ್ರಶ್ನೆ.
ಜೋಯಪ್ಪ ಗೊಬ್ಬರದ ಬಿಲ್ಲಿನ ಹಿಂದೆ
ಕೂಡುತ್ತಾನೆ, ಕಳೆಯುತ್ತಾನೆ,
ಡಿಶ್ಶೇ ಅಗ್ಗ ಅನ್ನುತ್ತಾನೆ, ಮತ್ತೆ ಕೂಡುತ್ತಾನೆ.

ಮಾಡಿನ ಮೇಲೆ ಹಳೇ ಏರಿಯಲ್,
ಹಲ್ಲುದುರಿದ ಬಾಚಣಿಗೆ.
ಮಡಿಕೇರಿಯ ಟವರು ಅದಕ್ಕೆ ಏನೂ ಕಳಿಸದೆ ವರ್ಷಗಳಾದವು.
ಕಾಜಾಣವೊಂದು ಬಂದು ಕೂರುತ್ತದೆ,
ಹತ್ತು ಹಕ್ಕಿಗಳ ದನಿ ತೆಗೆಯುತ್ತದೆ.
ಈಗ ಅದರಲ್ಲಿ ಬರುವ ಚಾನೆಲ್ ಅದೊಂದೇ.
ಬಿಚ್ಚಿ ಗುಜರಿಗೆ ಹಾಕೋಣ ಅಂತ ನೌಫಲ್.
ಇರಲಿ ಬಿಡು ಅಂದೆ.

ನಾನು ಈ ಮನೆಗೆ ಬಂದು ಹನ್ನೆರಡನೇ ದಿನ.
ಹೆಂಚಿನ ಮೇಲೆ ಜೋಯಪ್ಪ, ಪೈಪು ತಿರುಗಿಸುತ್ತಾ.
ಟೀವಿಯ ಮುಂದೆ ಮಾವ.
ನಡುವೆ ಕಿಟಕಿಯಲ್ಲಿ ನಾನು.
ಮಾವ ಮೆಲ್ಲಗೆ ಅಂದದ್ದನ್ನು
ಮಾಡಿಗೆ ಮುಟ್ಟಿಸುವುದು ನನ್ನ ಕೆಲಸ.
ಅಲ್ಲಿಯವರೆಗೆ ನಾನು ಆಡಿದ್ದು
'ನೀರು ಬೇಕಾ', 'ಊಟಕ್ಕೆ ಬನ್ನಿ',
ಅದೂ ಉಸಿರಿನಲ್ಲಿ.
'ಬಂತಾ?'
'ಇಲ್ಲಾ!'
'ಈಗ?'
'ಬಂತು! ಬಂತು! ಅಯ್ಯೋ, ಹೋಯ್ತು!'
ಕೆಳಗಿನ ಗದ್ದೆಯಿಂದ ಯಾರೋ ಕೂಗಿ ಕೇಳಿದರು,
'ಎಂಥ ಬಂತು?'

ಹೆಂಚಿನ ಮೇಲೆ ಹಾವಸೆ.
ಮಂಜು ಕಣಿವೆಯಿಂದ ಹತ್ತಿ ಬರುತ್ತಿತ್ತು.
ಅವನ ಮೊಣಕಾಲು ಕಾಣದಾಯಿತು,
ಆಮೇಲೆ ಸೊಂಟ.
ಒಂದು ಹೆಂಚು ಜಾರಿ
ಕಲ್ಲಿನ ಮೇಲೆ ಬಿದ್ದು ಒಡೆಯಿತು.
ಟೀವಿಯಲ್ಲಿ ಬರೀ ಚುಕ್ಕಿ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ.
ನಾನು ಕೂಗಿದೆ:
'ಬಂತು! ಚೆನ್ನಾಗಿ ಬಂತು! ಇಳೀರಿ!'

ಮಾವ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.
ಅತ್ತೆ ಒಲೆಯ ಬಳಿಯಿಂದ ಬಂದು
ಇರುವೆಗಳನ್ನು ಒಂದಿಷ್ಟು ಹೊತ್ತು ನೋಡಿ
'ಹೌದು, ಚೆನ್ನಾಗಿದೆ' ಅಂದರು.
ಜೋಯಪ್ಪ ಕೈಯೊರೆಸಿಕೊಂಡು ಒಳಗೆ ಬರುವಾಗ
ಕರೆಂಟು ಹೋಗಿತ್ತು.
ಮೀಟರ್ ಹಲಗೆಯ ಪಕ್ಕ
ಅತ್ತೆ ನಿಂತಿದ್ದರು, ಸೆರಗಿಗೆ ಕೈ ಒರೆಸುತ್ತಾ.
ಈ ವಿಷಯ ಇವತ್ತಿನವರೆಗೂ
ನಾವಿಬ್ಬರೂ ಮಾತಾಡಿಲ್ಲ.

ನೌಫಲ್ ಸೋಲುವವನಲ್ಲ.
ಮಾಡಿನ ಆ ತುದಿಯಿಂದ ಮರದ ಸಂದಿಯಲ್ಲಿ
ಒಂದು ಗೇಣು ಆಕಾಶ ಸಿಗಬಹುದು ಅನ್ನುತ್ತಾ ಹತ್ತಿದ್ದಾನೆ,
ಚಪ್ಪಲಿ ಏಣಿಯ ಬುಡದಲ್ಲಿ.
ಹೆಂಚು ಕಟಕಟ ಅನ್ನುತ್ತಿದೆ.
ಜೋಯಪ್ಪ ಏಣಿ ಹಿಡಿದಿದ್ದಾನೆ, ಹರ್ಷಿಣಿ ಫೋನು ಹಿಡಿದಿದ್ದಾಳೆ,
ನಾನು ಮತ್ತೆ ಅದೇ ಕಿಟಕಿಯಲ್ಲಿ.
'ಬಂತಾ ಅಕ್ಕಾ?'
ಪರದೆ ನೀಲಿ, ಸಿಗ್ನಲ್ ಇಲ್ಲ ಅಂತ ನಡುವೆ ಬರೆದಿದೆ.
ನಾನು ಬಾಯಿ ತೆರೆಯುವ ಮೊದಲೇ
ಕಣ್ಣಿಗೆ ಪೊರೆ ಬಂದ ಅತ್ತೆ
ಬೆತ್ತದ ಕುರ್ಚಿಯಿಂದ ಕೂಗುತ್ತಾರೆ:
'ಬಂತಪ್ಪಾ, ಬಂತು. ಇಳಿ ನೀನು,
ಚಾ ಆರುತ್ತೆ.'